ಮುಚ್ಚಿದ ಕೋಣೆಯ ತಂಪು

ದಾರ್ಸೈಟ್, ಮಸ್ಕತ್
ವಿಭವ ಸಂವತ್ಸರದ ಮಾಘಮಾಸ
ಶನಿವಾರ, ೧೧ ಫೆಬ್ರವರಿ ೧೯೮೯

ಸೌಭಾಗ್ಯವತಿ ಅಂಬುಜಾ, ನಿನಗೆ ನನ್ನ ಹೃತ್ಪೂರ್ವಕ ಆಶೀರ್ವಾದ.

ನಿನ್ನ ಮೊಣಕಾಲಿನ ನೋವು ಈಗ ಹೇಗಿದೆ? ವೈದ್ಯರು ಕೊಟ್ಟ ತೈಲವನ್ನು ಬೆಚ್ಚಗೆ ಮಾಡಿ ಹಚ್ಚಿಕೊಳ್ಳುತ್ತಿರುವೆಯೋ, ಸೀಸೆಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಅದಕ್ಕೂ ಒಂದು ನಮಸ್ಕಾರ ಹಾಕಿ ಸುಮ್ಮನಾಗಿರುವೆಯೋ ನಾನರಿಯೆ. ನಿನ್ನ ತಂಗಿ ಜೊತೆಗಿರುವುದರಿಂದ ನನಗೆ ಸ್ವಲ್ಪ ನೆಮ್ಮದಿ. ಅವಳು ನಿನ್ನ ಮಾತು ಕೇಳುವವಳಲ್ಲ. ನಾನು ಆರೋಗ್ಯದಿಂದಿದ್ದೇನೆ. ಇಲ್ಲಿಯ ನೀರು ಕಡಲಿನದನ್ನೇ ಸಿಹಿಗೊಳಿಸಿದ್ದು. ಅದರಲ್ಲಿ ಕಾಫಿಯನ್ನು ಎಷ್ಟು ಗಟ್ಟಿಯಾಗಿ ಇಳಿಸಿದರೂ ಯಾರದೋ ಮನೆಯಲ್ಲಿ ಕುಡಿದಂತಿರುತ್ತದೆ. ಬೆಳಗ್ಗೆ ಎದ್ದು ಕೃಷ್ಣನ ಗುಡಿಯವರೆಗೆ ನಡೆದು ಬರುತ್ತೇನೆ. ಮರಳುಗಾಡೆಂದು ನೀನು ಹೆದರಿದ್ದೆ. ಮರಳಿಗಿಂತ ಹೆಚ್ಚಾಗಿ ಇಲ್ಲಿ ಕಾಣುವುದು ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದುಬಣ್ಣದ ಗುಡ್ಡಗಳು. ಈಗ ಹಿತವಾದ ಚಳಿಗಾಲ. ಕಿಟಕಿ ತೆರೆದಿಟ್ಟು, ಕಂಬಳಿ ಹೊದ್ದು ಮಲಗುತ್ತೇವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ನಿನ್ನ ಪತ್ರ ಬುಧವಾರ ಕೈಸೇರಿತು. ಬೀದಿಯ ಕಡೆಯ ಕೋಣೆಗೆ ಸುಣ್ಣ ಹೊಡೆಸಿರುವುದನ್ನೂ, ಬಡಗಿಗೆ ಹೇಳಿ ಪುಟ್ಟ ಮಂಚವೊಂದನ್ನು ಮಾಡಿಸುತ್ತಿರುವುದನ್ನೂ, ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಂಡು ಮಾತನಾಡಿ ಬಂದಿರುವುದನ್ನೂ ಓದಿದೆ. ಮಗುವಿಗೆ ರಾಗಿ ಒಗ್ಗುವುದೋ ಇಲ್ಲವೋ ಎಂದು ನೀನು ಕೇಳಿರುವ ಪ್ರಶ್ನೆಯನ್ನು ಓದುವಾಗ ನನ್ನ ಕಣ್ಣು ಮಂಜಾಯಿತು. ಮೊಮ್ಮಗನನ್ನು ನನ್ನ ಜೊತೆಯಲ್ಲಿ ಊರಿಗೆ ಕಳುಹಿಸಿ ನಮ್ಮಲ್ಲೇ ಬಿಡುವುದೆಂದು ಶ್ಯಾಮಸುಂದರ ನಿನಗೆ ದೂರವಾಣಿಯಲ್ಲಿ ತಿಳಿಸಿದ್ದಾನೆ, ಏಕೆಂದು ತಿಳಿಸಿಲ್ಲ. ಬರುವ ಶುಕ್ರವಾರ ಅವನು ಮತ್ತೆ ನಮ್ಮ ಪಕ್ಕದ ಚೌಡಪ್ಪನ ಮನೆಗೆ ಕರೆಮಾಡಿ ನಿನ್ನ ಕೊನೆಯ ಮಾತನ್ನು ಕೇಳುತ್ತಾನೆ. ಇಲ್ಲಿಯ ನೆರೆಮನೆಯ ಭೋಜರಾಜ ಇಂದು ಸಂಜೆ ಮುಂಬಯಿಗೆ ಹೊರಟಿದ್ದಾನೆ. ಅಲ್ಲಿಂದ ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ಈ ಪತ್ರ ನಿನಗೆ ಮುಟ್ಟುತ್ತದೆ. ಇದನ್ನು ಪೂರ್ತಿಯಾಗಿ ಓದದೆ ಅವನಿಗೆ ಉತ್ತರ ಕೊಡಬೇಡ.

ಅಭಿನಂದನ ಮೂರನೆಯ ವಯಸ್ಸಿನಲ್ಲಿ ಊರಿಗೆ ಬಂದಾಗ ನಿನ್ನ ಸೆರಗು ಹಿಡಿದು ತಿರುಗಾಡಿದ್ದನ್ನು ನೀನು ಕಂಡಿರುವೆ. ಐದು ತುಂಬುತ್ತ ಬಂದಿರುವ ಈಗಿನ ಹುಡುಗನನ್ನು ಕಂಡಿಲ್ಲ. ನಾನು ಬಂದ ದಿನ ಎತ್ತಿಕೊಳ್ಳಲು ಹೋದಾಗ ನನ್ನ ಮಣಿಕಟ್ಟನ್ನು ಕಚ್ಚಿದ. ಪರಿಚಯವಿಲ್ಲದ ಮುದುಕನೆಂದು ಹೆದರಿರಬೇಕು ಎಂದುಕೊಂಡೆ. ಮರುವಾರ ಮೂರನೆಯ ಅಂತಸ್ತಿನ ಕಿಟಕಿಯಿಂದ ತಂದೆಯ ಬೂಟನ್ನು ಕೆಳಗೆ ನಿಲ್ಲಿಸಿದ್ದ ಕಾರಿನ ಮೇಲೆ ಎಸೆದ. ಬಡಿಸಿಟ್ಟ ಅನ್ನದ ಪಾತ್ರೆಗೆ ಪಾತ್ರೆ ತೊಳೆಯುವ ಸಾಬೂನಿನ ನೀರನ್ನು ಸುರಿದ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳಿ ಬಂದಿದೆ. ತುಂಟ ಮಕ್ಕಳನ್ನು ನಾನು ಜೀವಮಾನವೆಲ್ಲ ಕಂಡವನು. ತುಂಟನಾದವನು ಮಾಡಿ ಓಡಿಹೋಗುತ್ತಾನೆ, ಇಲ್ಲವೇ ನಗುತ್ತಾನೆ. ಇವನು ಎರಡನ್ನೂ ಮಾಡುವುದಿಲ್ಲ. ಮಾಡಿದ ಜಾಗದಲ್ಲೇ ನಿಂತು ಮೊದಲು ತಂದೆಯ ಮುಖವನ್ನು ನೋಡುತ್ತಾನೆ, ಆಮೇಲೆ ತಾಯಿಯ ಮುಖವನ್ನು ನೋಡುತ್ತಾನೆ. ಯಾರ ಮುಖದಲ್ಲಿ ಏನು ಮೂಡುವುದೆಂದು ಕಾಯುತ್ತಾನೆ. ಅಂಥ ನೋಟವನ್ನು ಆ ವಯಸ್ಸಿನ ಮಗುವಿನಲ್ಲಿ ನಾನು ಕಂಡಿರಲಿಲ್ಲ.

ಈ ಮನೆಯ ದಿನಚರಿಯನ್ನು ನಿನಗೆ ವಿವರಿಸಬೇಕು. ಶ್ಯಾಮ ನಸುಕಿನಲ್ಲೇ ಕಾರ್ಖಾನೆಯ ವಾಹನ ಹತ್ತಿ ರುಸೈಲಿಗೆ ಹೋಗಿ ಸಂಜೆ ಐದರ ಹೊತ್ತಿಗೆ ಬರುತ್ತಾನೆ. ಸೊಸೆ ಸ್ವರ್ಣಲತಾ ಕೆಲಸಮಾಡುವ ಕಚೇರಿಗೆ ಇಲ್ಲಿಯ ಪದ್ಧತಿಯಂತೆ ಮಧ್ಯಾಹ್ನ ಬಿಡುವು. ಒಂದಕ್ಕೆ ಬಂದು ನಾಲ್ಕಕ್ಕೆ ಮತ್ತೆ ಹೋಗಿ ಏಳು ದಾಟಿದ ಮೇಲೆ ಮರಳುತ್ತಾಳೆ. ಹೀಗಾಗಿ ಮಧ್ಯಾಹ್ನ ಮಗು ತಾಯಿಯ ವಶ, ಸಂಜೆ ತಂದೆಯ ವಶ. ನಡುವಿನ ಒಂದು ತಾಸು, ನಾನು ಬರುವವರೆಗೆ, ಭೋಜರಾಜನ ಹೆಂಡತಿ ವಸಂತಿ ನೋಡಿಕೊಳ್ಳುತ್ತಿದ್ದಳು. ಒಂದೇ ದಿನದಲ್ಲಿ ಎರಡು ರಾಜ್ಯಗಳು, ಎರಡು ಶಾಸನಗಳು. ಮಧ್ಯಾಹ್ನದ ರಾಜ್ಯದಲ್ಲಿ ಊಟವೆಂದರೆ ತಾಯಿಯ ತೊಡೆ, ತಾಯಿಯ ಕೈತುತ್ತು, ಎದುರಿಗೆ ಟೀವಿಯಲ್ಲಿ ಓಡುವ ಚಿತ್ರ. ಸಂಜೆಯ ರಾಜ್ಯದಲ್ಲಿ ಮೇಜಿನ ಮುಂದೆ ಕುಳಿತು ತಾನೇ ಉಣ್ಣಬೇಕು. ಉಣ್ಣದಿದ್ದರೆ ಅದೇ ತಟ್ಟೆ ಮರುದಿನ ಬೆಳಗ್ಗೆ ಎದುರಾಗುತ್ತದೆ. ತಂದೆಯನ್ನೇ ಕಠಿಣನೆಂದು ತಿಳಿಯಬೇಡ. ಮಗುವಿಗೆ ಎಡಗೈ ಮುಂದು. ಶ್ಯಾಮ ಅದಕ್ಕೆ ಅಡ್ಡಿಮಾಡುವುದಿಲ್ಲ, ಚಮಚ ತಂದುಕೊಟ್ಟಿದ್ದಾನೆ; ಸ್ವರ್ಣಲತಾ ಆ ಚಮಚವನ್ನು ಅಡಗಿಸಿ ಎಡಗೈಯ ಬೆರಳ ಮೇಲೆ ತಟ್ಟುತ್ತಾಳೆ. ತಪ್ಪಿಗೆ ಒಂದು ಏಟು ಕೊಟ್ಟು ಮರೆತುಬಿಡಬೇಕೆಂಬುದು ಅವನ ಮತ. ಏಟು ಪಾಪವೆಂಬುದು ಅವಳ ಮತ. ಅವಳು ಮಾತು ಬಿಡುತ್ತಾಳೆ, ಮಗು ಅತ್ತು ಕಾಲು ಹಿಡಿಯುವವರೆಗೂ ಅದರ ಕಡೆ ತಿರುಗುವುದಿಲ್ಲ. ಅವನು ಹೊಡೆದ ದಿನ ಅವಳು ಸಿಹಿ ಕೊಡುತ್ತಾಳೆ. ಅವಳು ಮಾತು ಬಿಟ್ಟ ದಿನ ಅವನು ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಮತ್ರಾದ ಕಡಲ ದಂಡೆಗೆ ಕರೆದೊಯ್ಯುತ್ತಾನೆ. ಇಬ್ಬರಿಗೂ ಮಗುವಿನ ಮೇಲೆ ಪ್ರಾಣ. ನಾನಿಟ್ಟ ಹೆಸರನ್ನು ಕೂಡ ಅವರು ಹಂಚಿಕೊಂಡಿದ್ದಾರೆ: ಅವನಿಗೆ ಅದು ಅಭಿ, ಅವಳಿಗೆ ನಂದು.

ಶ್ಯಾಮನಿಗೆ ಕಾಫಿ ಕೊಡಬಹುದೇ ಕೂಡದೇ ಎಂದು ನಾವಿಬ್ಬರೂ ವರ್ಷಗಟ್ಟಲೆ ವಾದಿಸಿದ್ದು ನಿನಗೆ ನೆನಪಿರಬೇಕು. ಹಜಾರದಲ್ಲಿ, ಅವನ ತಲೆಯ ಮೇಲೆಯೇ, ಬೀದಿಗೆ ಕೇಳುವಂತೆ ವಾದಿಸುತ್ತಿದ್ದೆವು. ಅವನು ನಡುವೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಆ ಮಾತು ಮುಗಿದದ್ದನ್ನೂ ಅವನೇ ಕಾಣುತ್ತಿದ್ದ. ಇವರು ವಿದ್ಯಾವಂತರು. ಮಗುವಿನ ಎದುರಿಗೆ ಜಗಳವಾಡಬಾರದೆಂದು ಎಲ್ಲಿಯೋ ಓದಿದ್ದಾರೆ, ಅದನ್ನು ವ್ರತದಂತೆ ಪಾಲಿಸುತ್ತಾರೆ. ನಾನು ಬಂದ ಹೊಸದರಲ್ಲಿ ಶ್ಯಾಮ ಹೆಮ್ಮೆಯಿಂದಲೇ ಹೇಳಿದ: “ಅವನ ಮುಂದೆ ನಾವು ಒಂದು ದಿನಾನೂ ಜೋರಾಗಿ ಮಾತಾಡಿಲ್ಲ ಅಪ್ಪ.” ಅದು ನಿಜ. ಮಗು ಏನಾದರೂ ಮಾಡಿದ ಸಂಜೆ ಇಬ್ಬರ ಮುಖವೂ ಬಿಗಿಯುತ್ತದೆ. ಯಾರಾದರೊಬ್ಬರು, “ಸ್ವಲ್ಪ ಒಳಗೆ ಬಾ,” ಎನ್ನುತ್ತಾರೆ, ಇಲ್ಲವೇ, “ಒಂಚೂರು ಒಳಗೆ ಬನ್ನಿ,” ಎನ್ನುತ್ತಾರೆ. ಮಲಗುವ ಕೋಣೆಯ ಬಾಗಿಲು ಮುಚ್ಚುತ್ತದೆ. ಬೆನ್ನಿಗೇ ಒಳಗಿನ ಹವಾನಿಯಂತ್ರಕ ಗುಡುಗಲು ತೊಡಗುತ್ತದೆ. ಇದು ಗೋಡೆಯನ್ನು ಕೊರೆದು ಕೂರಿಸಿದ, ತಂಪುಗಾಳಿ ಬೀಸುವ ದೊಡ್ಡ ಪೆಟ್ಟಿಗೆ. ಎಲ್ಲರೂ ಏಸಿ ಎನ್ನುತ್ತಾರೆ. ಚೌಡಪ್ಪನ ಒಂದು ಯಂತ್ರಮಗ್ಗದಷ್ಟು ಸದ್ದು ಅದಕ್ಕಿದೆ. ಬೇಸಗೆಯಲ್ಲಿ ಅದಿಲ್ಲದೆ ಇಲ್ಲಿ ಬದುಕುವಂತಿಲ್ಲ ಎಂದು ಕೇಳಿದ್ದೆನಾದ್ದರಿಂದ, ಕಂಬಳಿ ಹೊದೆಯುವ ಕಾಲದಲ್ಲಿ ಅದು ಏಕೆ ಓಡುತ್ತಿದೆಯೆಂದು ನಾನು ಬಹಳ ದಿನ ಯೋಚಿಸಲೇ ಇಲ್ಲ. ಮಗನ ಮನೆ, ಮಗನ ವಿದ್ಯುತ್ತು.

ಆ ಹೊತ್ತಿನಲ್ಲಿ ಮಗು ಸ್ನಾನದ ಕೋಣೆಗೆ ಹೋಗಿ ಕೂರುತ್ತಿತ್ತು. ಒಬ್ಬ ಮನುಷ್ಯ ಕಾಲುಚಾಚಿ ಮಲಗುವಷ್ಟು ಉದ್ದದ ಪಿಂಗಾಣಿ ತೊಟ್ಟಿಯೊಂದು ಅಲ್ಲಿದೆ. ನೀರಿಲ್ಲದ ಆ ತೊಟ್ಟಿಯಲ್ಲಿ ಮೊಣಕಾಲನ್ನು ಎದೆಗವುಚಿ ಕುಳಿತಿರುತ್ತಿದ್ದ. ಏನಪ್ಪ ಎಂದು ಕೇಳಿದರೆ ದೋಣಿ ಎನ್ನುತ್ತಿದ್ದ. ದೋಣಿಯಾಟವೆಂದು ನಾನೂ ನಂಬಿ ಹೊರಗಿನಿಂದಲೇ, ದಡ ಬಂತೇ, ಎಂದು ಕೂಗುತ್ತಿದ್ದೆ. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಶಿಶುವಿಹಾರದಿಂದ ಕರೆ ಬಂತು. ಅಲ್ಲಿಯ ಉಪಾಧ್ಯಾಯಿನಿ ಕ್ಯಾರೋಲಿನ್ ಎಂಬಾಕೆ ಮಂಗಳೂರಿನವಳು, ಸಹನೆಯುಳ್ಳ ಹೆಣ್ಣುಮಗಳು. ಶ್ಯಾಮನೂ ಸೊಸೆಯೂ ಕೆಲಸದಲ್ಲಿದ್ದುದರಿಂದ ನಾನೇ ಹೋದೆ. ಅಭಿನಂದನ ಜೊತೆಯ ಹುಡುಗಿಯೊಬ್ಬಳನ್ನು ಎರಡು ಕೈಯಿಂದಲೂ ದಬ್ಬಿದ್ದ. ಅವಳ ಹಣೆ ಮೇಜಿನ ಅಂಚಿಗೆ ತಗಲಿ ಸೀಳಿತ್ತು. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದ್ದರು. ಅವಳು ಪಕ್ಕದ ಮನೆಯ ವಸಂತಿಯ ಕಿರಿಯ ಮಗಳು. ನೆಲವನ್ನು ಒರೆಸಿದ್ದರೂ ಮೇಜಿನ ಕಾಲಿನ ಬುಡದಲ್ಲಿ ರಕ್ತ ಉಳಿದಿತ್ತು. ನಮ್ಮ ಹುಡುಗ ಮೂಲೆಯಲ್ಲಿ ನಿಂತು ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡಿದ್ದ. ಕ್ಯಾರೋಲಿನ್ ನನ್ನನ್ನು ಹೊರಗೆ ಕರೆದು ಹೇಳಿದಳು: “ಅಂಕಲ್, ಬೆಳಿಗ್ಗೆ ಇವನಷ್ಟು ಪಾಪದ ಮಗು ಬೇರೆ ಇಲ್ಲ. ತಗಡಿನ ಮಾಡು ಬಿಸಿಯಾಗ್ತದೆ ಅಂತ ಹತ್ತು ಗಂಟೆಗೆ ಏಸಿ ಹಾಕ್ತೇವೆ ಅಲ್ವಾ, ಅದು ಶುರುವಾದ ಕೂಡಲೇ ಬೇರೆಯೇ ಹುಡುಗ. ಕಚ್ಚುದು, ದೂಡುದು ಎಲ್ಲ ಆಮೇಲೆಯೇ. ಕಿವಿ ಒಮ್ಮೆ ತೋರಿಸಿ.” ಇನ್ನು ಮುಂದೆ ಅವನನ್ನು ಕಳುಹಿಸುವುದು ಬೇಡವೆಂಬ ಮಾತನ್ನು ಅವಳು ನೆಲ ನೋಡುತ್ತ ಹೇಳಿದಳು, ಉಳಿದ ತಾಯಂದಿರು ಒಪ್ಪುವುದಿಲ್ಲವಂತೆ. ಕಿವಿಯ ವೈದ್ಯರಿಗೆ ತೋರಿಸಿದೆವು. ಕಿವಿಗಳು ಚೆನ್ನಾಗಿವೆ, ಬೇಕಾದ್ದಕ್ಕಿಂತ ಚೆನ್ನಾಗಿವೆ ಎಂದು ವೈದ್ಯರು ನಕ್ಕರು. ಆ ಸಂಜೆಯೂ ಕೋಣೆಯ ಬಾಗಿಲು ಮುಚ್ಚಿತು, ಪೆಟ್ಟಿಗೆ ಗುಡುಗಿತು.

ಮರುದಿನ ನಾನು ಕ್ಷಮೆ ಕೇಳಲು ಭೋಜರಾಜನ ಮನೆಗೆ ಹೋದೆ. ಅವನು ಉಡುಪಿಯ ಕಡೆಯವನು, ಸಂಕೋಚದ ಮನುಷ್ಯ. ಮಕ್ಕಳೆಂದರೆ ಬೀಳುತ್ತಾರೆ, ಏಳುತ್ತಾರೆ ಎಂದು ನನ್ನನ್ನೇ ಸಮಾಧಾನಪಡಿಸತೊಡಗಿದ. ವಸಂತಿ ಹಾಗೆ ಬಿಡಲಿಲ್ಲ. ಹಣೆಗೆ ಪಟ್ಟಿ ಕಟ್ಟಿದ್ದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಳು. “ಮಾಷ್ಟ್ರೇ, ನೀವು ದೊಡ್ಡವರು, ನಿಮಗೆ ಹೇಳ್ಬಾರದು. ಚಳಿಗಾಲದಲ್ಲಿ ಏಸಿ ಹಾಕುವ ಮನೆ ಈ ಬಿಲ್ಡಿಂಗಲ್ಲಿ ನಿಮ್ಮದೊಂದೇ. ಎಂತಕ್ಕೆ ಅಂತ ನಮಗೆ ಗೊತ್ತಾಗುದಿಲ್ಲ ಅಂತ ಮಾಡಿದ್ದೀರಾ? ಆ ಸದ್ದಿಗಿಂತ ಮೇಲೆ ಕೇಳ್ಬೇಕು ಅಂತ ಇಬ್ರೂ ಬೊಬ್ಬೆ ಹೊಡೀತಾರೆ. ಏಸಿ ಹಾಕದೆ ಮೆಲ್ಲ ಮಾತಾಡಿದ್ರೆ ನಮಗೆ ಒಂದಕ್ಷರ ಕೇಳ್ಲಿಕ್ಕಿಲ್ಲ.” ಭೋಜರಾಜ ಅವಳನ್ನು ತುಳುವಿನಲ್ಲಿ ಗದರಿಸಿ ಒಳಗೆ ಕಳುಹಿಸಿದ. ನಾನು ಅಲ್ಲಿ ಕೊಟ್ಟ ಚಹವನ್ನು ಕುಡಿದು ಮುಗಿಸಿದೆ. ಬಿಸಿಯಿತ್ತೋ ಆರಿತ್ತೋ ತಿಳಿಯಲಿಲ್ಲ.

ಶಿಶುವಿಹಾರ ನಿಂತ ಮೇಲೆ ಹಗಲೆಲ್ಲ ಮಗು ನನ್ನ ಬಳಿಯೇ ಇರತೊಡಗಿತು. ಒಂದು ಬೆಳಗ್ಗೆ ನಾನು ಹಜಾರದಲ್ಲಿ ಕುಳಿತು ಓದುತ್ತಿದ್ದಾಗ ಅವರ ಮಲಗುವ ಕೋಣೆಯಿಂದ ಹವಾನಿಯಂತ್ರಕದ ಸದ್ದು ಬಂತು. ಮನೆಯಲ್ಲಿ ನಾವಿಬ್ಬರ ಹೊರತು ಯಾರೂ ಇರಲಿಲ್ಲ. ಹೋಗಿ ಬಾಗಿಲನ್ನು ಸ್ವಲ್ಪವೇ ಸರಿಸಿ ನೋಡಿದೆ. ಕುರ್ಚಿಯನ್ನು ಎಳೆದು ಹತ್ತಿ ಗುಂಡಿ ತಿರುಗಿಸಿದ್ದ. ಮಂಚದ ಮೇಲೆ ಎರಡು ದಿಂಬುಗಳನ್ನು ಎದುರುಬದುರಾಗಿ ನಿಲ್ಲಿಸಿದ್ದ. ನಾನು ತಂದುಕೊಟ್ಟಿದ್ದ ಚನ್ನಪಟ್ಟಣದ ಮರದ ಗೊಂಬೆಯನ್ನು ಮಂಚದ ಕೆಳಗೆ, ಗೋಡೆಯ ಮೂಲೆಗೆ ಒತ್ತಿ ಮಲಗಿಸಿದ್ದ. ತಾನು ನಡುವೆ ಕುಳಿತು ಎರಡೂ ದಿಂಬುಗಳ ಪರವಾಗಿ ಮಾತನಾಡುತ್ತಿದ್ದ. ಅಂಬುಜಾ, ಆ ದನಿಗಳು ಅವನವಾಗಿರಲಿಲ್ಲ. “ನೀನೇ ಹಾಳ್ ಮಾಡಿದ್ದು, ಮುದ್ದು ಮಾಡಿ ಮಾಡಿ,” ಎಂದಾಗ ಅದು ಶ್ಯಾಮನದೇ ದನಿ, ಮಾತಿನ ಕೊನೆಯಲ್ಲಿ ಅವನು ಎಳೆಯುವ ಉಸಿರೂ ಅದರಲ್ಲಿತ್ತು. “ಹೊಡೆದು ಹೊಡೆದು ಎಂತ ಸಾಧಿಸಿದ್ರಿ ನೀವು,” ಎಂದಾಗ ಸ್ವರ್ಣಲತಾಳದೇ ರಾಗ. ಸ್ವಲ್ಪ ಹೊತ್ತು ಹೀಗೆ ನಡೆಯಿತು. ಕೊನೆಗೆ ಅರಚಾಟ ನಿಂತು, ದಣಿದವರು ಆಡುವಂಥ ತಗ್ಗಿದ ದನಿಯಲ್ಲಿ ಒಂದು ದಿಂಬು ಇನ್ನೊಂದಕ್ಕೆ ಹೇಳಿತು: “ಇವನು ಹುಟ್ಟೋಕ್ ಮುಂಚೆ ನಾವು ಚೆನ್ನಾಗೇ ಇದ್ವಿ.” ಇನ್ನೊಂದು ದಿಂಬು ಅದಕ್ಕೆ ಏನೂ ಅನ್ನಲಿಲ್ಲ. ಮಗು ಮಂಚದಿಂದಿಳಿದು, ಬಗ್ಗಿ, ಕೆಳಗಿದ್ದ ಗೊಂಬೆಯನ್ನು ಇನ್ನೂ ಒಳಕ್ಕೆ ತಳ್ಳಿತು. ಆಮೇಲೆ ಕುರ್ಚಿ ಹತ್ತಿ ಯಂತ್ರವನ್ನು ನಿಲ್ಲಿಸಿತು.

ಆಗ ನನಗೆ ತೊಟ್ಟಿಯ ಅರ್ಥ ತಿಳಿಯಿತು. ಸ್ನಾನದ ಕೋಣೆಗೂ ಅವರ ಕೋಣೆಗೂ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿಯಿದೆ. ಯಂತ್ರದ ಸದ್ದು ಅಲ್ಲಿಗೆ ಕಡಿಮೆ. ಅದನ್ನು ಮೀರಿಸಲು ಏರಿಸಿದ ದನಿ ಮಾತ್ರ ಪಿಂಗಾಣಿಗೆ ಬಡಿದು ಸ್ಪಷ್ಟವಾಗಿ ಇಳಿಯುತ್ತದೆ. ನಾನು ಅದೇ ಸಂಜೆ ಹೋಗಿ ನಿಂತು ಕೇಳಿದೆ. ಪ್ರತಿಯೊಂದು ಪದವೂ ಕೇಳುತ್ತದೆ. ಅವರು ಮಗುವಿನಿಂದ ಮರೆಮಾಡಲೆಂದೇ ಚಾಲೂ ಮಾಡಿದ ಯಂತ್ರ, ಈಗ ಜಗಳ ಆರಂಭವಾಗುತ್ತಿದೆ, ಅದು ನಿನ್ನ ಕುರಿತಾದದ್ದು ಎಂದು ಸಾರುವ ಗಂಟೆಯಾಗಿಬಿಟ್ಟಿದೆ. ಎಲ್ಲಿ ಆ ಸದ್ದು ಕೇಳಿದರೂ, ಶಿಶುವಿಹಾರವೇ ಆಗಲಿ, ಯಾವುದಾದರೂ ಅಂಗಡಿಯೇ ಆಗಲಿ, ಅದರ ಹಿಂದೆ ಯಾರೋ ತನ್ನನ್ನು ಕುರಿತು ಅರಚುತ್ತಿದ್ದಾರೆ ಎಂದೇ ಅವನು ನಂಬಿದ್ದಾನೆ. ಯಾರಿಗಾದರೂ ಹಾಗೆ ಅನ್ನಿಸಿದರೆ ಪಕ್ಕದಲ್ಲಿದ್ದವರನ್ನು ದಬ್ಬದೆ ಇರುವರೇ?

ಎರಡು ವಾರದ ಹಿಂದಿನ ಗುರುವಾರ ಇಬ್ಬರಿಗೂ ರಜೆಯಿತ್ತು. ಮಧ್ಯಾಹ್ನದ ಊಟವಾದ ಮೇಲೆ ಮಗು ನಿದ್ರಿಸುತ್ತಿದ್ದಾಗ ನಾನು ಕಂಡದ್ದನ್ನು, ಕೇಳಿದ್ದನ್ನು, ಒಂದು ಮಾತನ್ನೂ ಸೇರಿಸದೆ ಹೇಳಿದೆ. ಶ್ಯಾಮ ಮೊದಲು ನಂಬಲಿಲ್ಲ. “ಅವನಿಗೇನೂ ಕೇಳ್ಸಲ್ಲ ಅಪ್ಪ, ಏಸಿ ಹಾಕಿರ್ತೀವಿ,” ಎಂದ. ನಾನು ದಿಂಬು ಕೊನೆಯಲ್ಲಿ ಹೇಳಿದ ಮಾತನ್ನು ಹೇಳಿದೆ. ಇಬ್ಬರೂ ಬೆಳ್ಳಗಾದರು. ಅದನ್ನು ಅವರಲ್ಲಿ ಯಾರು ಆಡಿದ್ದೆಂದು ನನಗೆ ಗೊತ್ತು, ನಿನಗೆ ಬರೆಯುವುದಿಲ್ಲ. ಸ್ವರ್ಣಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಮಾವ, ನಾವು ಅವನ ಒಳ್ಳೇದಕ್ಕೇ ಅಲ್ವಾ ಒಳಗೆ ಹೋಗಿ ಮಾತಾಡುದು,” ಎಂದಳು. ಅದರಲ್ಲಿ ಸುಳ್ಳಿರಲಿಲ್ಲ. ಇನ್ನಾದರೂ ನನ್ನೆದುರಿಗೆ, ಹಜಾರದಲ್ಲೇ ಕುಳಿತು ಮಾತನಾಡುತ್ತಾರೆಂದು ಕಾದೆ. ಶ್ಯಾಮ ಎದ್ದ. ಹೆಂಡತಿಯ ಕಡೆ ನೋಡಿ, “ಒಳಗೆ ಬಾ,” ಎಂದ. ಬಾಗಿಲು ಮುಚ್ಚಿತು. ಮರುಕ್ಷಣವೇ ಯಂತ್ರ ಗುಡುಗಿತು. ಅಭ್ಯಾಸ ಎಷ್ಟು ಬಲವಾದದ್ದೆಂದರೆ, ತಾವು ಏನು ಮಾಡುತ್ತಿದ್ದೇವೆ ಎಂಬುದು ಅವರಿಗೇ ತಿಳಿಯಲಿಲ್ಲ.

ನಾನು ಮಗುವಿನ ಹಾಸಿಗೆಯನ್ನು ನೋಡಿದೆ. ಬರಿದಾಗಿತ್ತು. ಸ್ನಾನದ ಕೋಣೆಗೆ ಹೋಗಿ, ಅವನಿದ್ದ ತೊಟ್ಟಿಯ ಅಂಚಿನ ಮೇಲೆ ಕುಳಿತೆ. ಎತ್ತಿಕೊಂಡು ಹೊರಗೆ ಹೋಗಬಹುದಾಗಿತ್ತು. ಅಷ್ಟು ಹೊತ್ತಿಗಾಗಲೇ ಬಹಳಷ್ಟು ಕೇಳಿಯಾಗಿತ್ತು. ಒಳಗಿನ ದನಿಗಳು ಮೊದಲು ಏರಿ, ಆಮೇಲೆ ಎಂದೂ ಇಲ್ಲದಂತೆ ಇಳಿದವು. ಅಭಿನಂದನ ತಲೆ ಎತ್ತಿ ನನ್ನನ್ನು ನೋಡಿದ. “ತಾತ, ನಾನು ಇಂಡಿಯಾಗೆ ಹೋಗ್ತೀನಿ. ಡ್ಯಾಡಿ ಯೆಸ್ ಅಂದ್ರು,” ಎಂದ. ಸ್ವಲ್ಪ ತಡೆದು, “ಮಮ್ಮೀನೂ ಯೆಸ್ ಅಂದ್ರು. ಇಬ್ರೂ ಯೆಸ್,” ಎಂದ. ಅವನ ದನಿಯಲ್ಲಿ ದುಃಖವಿರಲಿಲ್ಲ. ಬೆರಗಿತ್ತು. ಅವನಿಗೆ ತಿಳಿವಳಿಕೆ ಬಂದಾಗಿನಿಂದ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಇದೇ ಮೊದಲು. ಆಮೇಲೆ ಬಾಗಿಲು ತೆರೆದು ಶ್ಯಾಮ ಹೊರಗೆ ಬಂದು, ಮಗುವನ್ನು ಸ್ವಲ್ಪ ಕಾಲ ಊರಿನಲ್ಲಿ ಬಿಡುವುದೆಂದು ತೀರ್ಮಾನಿಸಿದ್ದೇವೆ ಎಂದು ನನಗೆ ಹೊಸ ಸುದ್ದಿಯಂತೆ ತಿಳಿಸಿದ. ನಿನಗೆ ಕರೆ ಬಂದದ್ದು ಮರುದಿನ.

ಇಷ್ಟನ್ನೂ ಓದಿದ ಮೇಲೆ, ಇನ್ನೂ ಒಳ್ಳೆಯದಾಯಿತು, ನಮ್ಮಲ್ಲಿ ನೆಮ್ಮದಿಯಾಗಿ ಬೆಳೆಯಲಿ ಎಂದೇ ನೀನು ಹೇಳುವೆ. ನಿನ್ನ ಮಾತು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನನ್ನ ಮತ ಬೇರೆ. ಮಗುವನ್ನು ಕುರಿತ ಜಗಳವನ್ನು ಮುಗಿಸಲು ಮಗುವನ್ನೇ ಮನೆಯಿಂದ ಕಳುಹಿಸಿದರೆ, ಜಗಳಕ್ಕೆಲ್ಲ ತಾನೇ ಕಾರಣವೆಂದು ಅವನು ತಿಳಿದುಕೊಂಡದ್ದು ಸತ್ಯವೆಂದು ಅವರೇ ಮುದ್ರೆ ಒತ್ತಿಕೊಟ್ಟಂತೆ. ಮಂಚದ ಕೆಳಗಿನ ಗೊಂಬೆಯನ್ನು ಅವನೇ ಇನ್ನಷ್ಟು ಒಳಕ್ಕೆ ತಳ್ಳಿದ್ದನ್ನು ನಾನು ಕಂಡಿದ್ದೇನೆ. ಅಷ್ಟು ಸಾಲದೆಂಬಂತೆ, ನಮ್ಮ ಬೀದಿಯನ್ನು ಜ್ಞಾಪಿಸಿಕೋ. ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಚೌಡಪ್ಪನ ಮಗ್ಗಗಳು ಬೆಳಗಿನಿಂದ ಓಡುತ್ತವೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಸದ್ದಿಲ್ಲದ ಬೀದಿ ಯಾವುದಿದೆ? ನಮಗೆ ಅದು ಅನ್ನದ ಸದ್ದು. ಅವನಿಗೆ ಅದು ಊರಿಗೆ ಊರೇ ಬಾಗಿಲು ಮುಚ್ಚಿಕೊಂಡು ತನ್ನ ವಿಚಾರ ಆಡುತ್ತಿರುವ ಸದ್ದಾದರೆ ನೀನು ಏನು ಮಾಡುವೆ? ಆದ್ದರಿಂದ ಶುಕ್ರವಾರ ಶ್ಯಾಮ ಕೇಳಿದಾಗ, ಬೇಡ ಎಂದು ಹೇಳು. ಕಾಲುನೋವಿನ ನೆಪ ಹೇಳಬೇಡ. ತಂದೆತಾಯಿಗಳಿಬ್ಬರೂ ಇರುವಾಗ ಮಗು ಅಲ್ಲೇ ಇರತಕ್ಕದ್ದು, ಒಂದೇ ಒಂದು ಶಾಸನವನ್ನು ಇಬ್ಬರೂ ಕೂಡಿ ಅವನೆದುರಿಗೆ ಬರೆದುಕೊಳ್ಳಿ, ಅದು ಕಠಿಣವಾದರೂ ಚಿಂತೆಯಿಲ್ಲ, ಎಂದು ಹೇಳು. ನಾನು ಹೇಳಿದರೆ ಹಳೆಯ ಮೇಷ್ಟರ ಪಾಠವೆನ್ನುತ್ತಾರೆ. ನಿನ್ನ ಮಾತನ್ನು ಶ್ಯಾಮ ಮೀರಿದ್ದು ನಾನು ಕಂಡಿಲ್ಲ. ಬಡಗಿಗೆ ಮಂಚದ ಕೆಲಸ ಸದ್ಯಕ್ಕೆ ನಿಲ್ಲಿಸೆಂದು ತಿಳಿಸು. ಅದು ನಿನಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆ ಕೋಣೆಯನ್ನು ನೋಡಬೇಕಾಗಿ ಬಂದಾಗ ನನಗೂ ಕಷ್ಟವಾದೀತು.

ಬಿಸಿಲೇರುವ ಮುನ್ನ ಎಳ್ಳೆಣ್ಣೆ ಹಚ್ಚಿಕೊಂಡು ಸ್ನಾನಮಾಡು. ಇಳಿಜಾರಿನ ಅಂಗಳದಲ್ಲಿ ಜಾಗ್ರತೆಯಿಂದ ಹೆಜ್ಜೆಯಿಡು. ನಿನ್ನ ತಂಗಿಗೆ ನನ್ನ ಆಶೀರ್ವಾದ, ಚೌಡಪ್ಪನ ಮನೆಯವರಿಗೆ ನಮಸ್ಕಾರ. ಇಲ್ಲಿಯ ಮೂವರನ್ನೂ ನಿನ್ನ ಪ್ರಾರ್ಥನೆಯಲ್ಲಿ ಒಟ್ಟಿಗೇ ಸೇರಿಸಿಕೋ, ಬೇರೆ ಬೇರೆಯಾಗಿ ಬೇಡ.

ಎಂದೆಂದೂ ನಿನ್ನ ಶ್ರೇಯಸ್ಸನ್ನು ಕೋರುವ,
ಮುನಿಯಪ್ಪ

ಮರೆತ ಮಾತು: ಭೋಜರಾಜ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಮನ್ನಿಸು. ಶ್ಯಾಮ ಈಗತಾನೆ ಬಂದ. ಇಪ್ಪತ್ತಮೂರರ ವಿಮಾನಕ್ಕೆ ನನ್ನ ಪಕ್ಕದಲ್ಲೇ ಮಗುವಿಗೂ ಸ್ಥಳ ಕಾದಿರಿಸಿ ಬಂದಿದ್ದಾನೆ. ಮೇಲೆ ನಾನು ಬರೆದದ್ದನ್ನು ಪಾಲಿಸಬೇಡ. ಬೇಡವೆಂದು ಹೇಳಬೇಡ. ನೀನು ಬೇಡವೆಂದರೆ ಅವರಿಬ್ಬರೂ ಮತ್ತೆ ಒಳಗೆ ಹೋಗುತ್ತಾರೆ, ಯಂತ್ರ ಗುಡುಗುತ್ತದೆ, ಅಜ್ಜಿಗೂ ತಾನು ಬೇಡವೆಂಬುದನ್ನು ಅವನು ಆ ತೊಟ್ಟಿಯಲ್ಲಿ ಕುಳಿತು ಕೇಳುತ್ತಾನೆ. ಅದೊಂದು ಆಗಕೂಡದು. ಮಂಚ ಮಾಡಿಸು. ಇಷ್ಟು ಹೊತ್ತೂ ಅವನು ನನ್ನ ಮೊಣಕೈಯ ಬಳಿ ನಿಂತು ಬರೆಯುವುದನ್ನು ನೋಡುತ್ತಿದ್ದ. “ನನ್ನ ಬಗ್ಗೇನಾ ತಾತ?” ಎಂದ. ಹೌದು ಎಂದೆ. ಅವನಿಗೆ ಓದಲು ಬಾರದ ಅಕ್ಷರಗಳಲ್ಲಿ ನಾನೂ ಬಾಗಿಲು ಮುಚ್ಚಿಕೊಂಡೇ ಮಾತನಾಡುತ್ತಿದ್ದೆನೆಂದು ಆಗ ಹೊಳೆಯಿತು. ಆಮೇಲೆ ಅವನು, “ಅಜ್ಜಿ ಮನೇಲಿ ಏಸಿ ಇದೆಯಾ?” ಎಂದ. ಇಲ್ಲಪ್ಪ ಎಂದೆ. ಅದಕ್ಕೆ ಅವನು ಕೇಳಿದ: “ಮತ್ತೆ ನೀವೂ ಅಜ್ಜೀನೂ ಎಲ್ಲಿ ಫೈಟ್ ಮಾಡ್ತೀರ?” ಅಜ್ಜಿಯನ್ನೇ ಕೇಳು ಎಂದಿದ್ದೇನೆ. ಶುಕ್ರವಾರ ಶ್ಯಾಮನ ಮಾತು ಮುಗಿದ ಮೇಲೆ ದೂರವಾಣಿಯನ್ನು ಮಗುವಿನ ಕೈಗೆ ಕೊಡೆಂದು ಕೇಳಿ ನೀನೇ ಹೇಳು. ಅವನು ಕಾಯುತ್ತಿದ್ದಾನೆ.